ಅತ್ತೆಯವರ ಕರೆಂಟ್ ಒಲೆ

ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆಯಿಂದ ಎರಡು ಗಲ್ಲಿ ಒಳಗಿದ್ದರೂ ಬೆಳಗಿನ ಹೊತ್ತು ಆಟೋಗಳ ಹಾರ್ನು, ಆಸ್ಪತ್ರೆಯ ಕಡೆ ಓಡುವ ಗಾಡಿಗಳ ಗದ್ದಲ ತಪ್ಪಿದ್ದಲ್ಲ. ಅದರ ನಡುವೆಯೂ ಈ ಸದ್ದು ನನ್ನ ಕಿವಿಗೆ ಬೇರೆಯಾಗಿ ಬೀಳುತ್ತದೆ. ನನ್ನ ಹೆಂಡತಿ ನೀಲಾ ಬಡಿಯುವ ರೊಟ್ಟಿಯಲ್ಲಿ ಶಾಲೆಗೆ ತಡವಾಯಿತೆಂಬ ಅವಸರ ಇರುತ್ತದೆ. ಇದು ಹಾಗಲ್ಲ, ನಿಧಾನದ ಕೈ, ಎಲ್ಲಿಯೂ ತಪ್ಪದ ಲಯ. ನನ್ನ ಅತ್ತೆ ಸಂಗಮ್ಮನವರು ಕಣ್ಣಿನ ತಪಾಸಣೆಗೆಂದು ಕಮಲಾಪುರದಿಂದ ಬಂದು ಮೂರು ದಿನವಾಯಿತು. ನೀಲಾ ಪಾಠ ಹೇಳಲು ಶಾಲೆಗೆ ಹೋಗಿದ್ದಾಳೆ. ಮನೆಯಲ್ಲಿ ಈಗ ನಾವಿಬ್ಬರೇ.

ಅಳಿಯ ಮತ್ತು ಅತ್ತೆ ಒಂದು ಮನೆಯಲ್ಲಿ ಇಬ್ಬರೇ ಇರುವುದರಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ಮದುವೆಯಾಗಿ ಹದಿನಾಲ್ಕು ವರ್ಷಗಳ ಕಾಲ ಅತ್ತೆಯವರು ನನ್ನೊಡನೆ ಒಂದು ಮಾತನ್ನೂ ಮುಖ ನೋಡಿ ಆಡಿರಲಿಲ್ಲ. ಜಗಳವೇನಲ್ಲ ಮತ್ತೆ! ನನ್ನನ್ನು ಕಂಡರೆ ಅವರಿಗೆ ಪ್ರೀತಿಯೇ. ಆದರೆ ಅಳಿಯನ ಎದುರು ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು, ಹೇಳಬೇಕಾದದ್ದನ್ನು ಮಗಳ ಮೂಲಕ ಹೇಳುವುದು ಅವರು ಕಲಿತು ಬಂದ ಮರ್ಯಾದೆ. "ನೀಲಾ, ಅಳ್ಯಾರಿಗಿ ಚಾ ಬೇಕೇನು ಕೇಳು" ಎನ್ನುವರು. ನಾನು ಅಲ್ಲೇ ಮೂರು ಹೆಜ್ಜೆ ದೂರದಲ್ಲಿ ಕುಳಿತು "ಬೇಕು" ಎನ್ನುವೆ. ನೀಲಾ ನನ್ನ ಮಾತನ್ನು ಮತ್ತೆ ಒಪ್ಪಿಸುವವರೆಗೆ ಅದು ಅವರಿಗೆ ಕೇಳಿಸಿದಂತೆಯೇ ಅಲ್ಲ. ನೀಲಾ ಇಲ್ಲದಿದ್ದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. "ಊಟಾ ಆರಾಕತ್ತದ" ಎಂದು ಕಂಬಕ್ಕೆ ಹೇಳಿದರೆ ನಾನು ಎದ್ದು ಕೈ ತೊಳೆಯುತ್ತಿದ್ದೆ.

ಇನ್ನೊಂದು ಮರ್ಯಾದೆಯೂ ಇತ್ತು. ಅಳಿಯನ ಮಾತಿಗೆ ಎದುರಾಡಬಾರದು. ಇದು ನನಗೆ ಬಹಳ ಹಿಡಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಪಾಠ ಹೇಳುವ ಮಾಸ್ತರ. ದಿನವಿಡೀ ಮಾತಾಡುವುದೇ ನನ್ನ ಕಸುಬು. ಮನೆಯಲ್ಲಿ ನೀಲಾ ನನ್ನ ಮಾತಿಗೆ ಒಂದಕ್ಕೆ ಎರಡು ಹಾಕುತ್ತಾಳೆ. ಕಮಲಾಪುರದಲ್ಲಿ ಮಾತ್ರ ನಾನು ಏನು ಹೇಳಿದರೂ ಬಾಗಿಲ ಮರೆಯಿಂದ "ಹೂನ್ರಿ" ಎಂದು ಬರುತ್ತಿತ್ತು. ಅದನ್ನು ಕೇಳಲೆಂದೇ ನಾನು ಭಾನುವಾರದ ಬಸ್ಸು ಹತ್ತುತ್ತಿದ್ದೆನೇನೋ. ಅಲ್ಲಿಯ ಕೆಂಪು ಬಾಳೆಹಣ್ಣಿನ ಆಸೆಯೂ ಇತ್ತೆನ್ನಿ.

ಕೊರೊನಾ ಕಾಲದ ಜ್ವರದಲ್ಲಿ ಅತ್ತೆಯವರ ಮೂಗು ಹೋಯಿತು, ಯಾವ ವಾಸನೆಯೂ ತಿಳಿಯದಾಯಿತು. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ತಿರುಗಿ ಬಂತು, ಅವರಿಗೆ ಬರಲಿಲ್ಲ. ಊದಿನಕಡ್ಡಿ ಹಚ್ಚಿ ಅದರ ಹೊಗೆಯನ್ನು ಕಣ್ಣಿನಲ್ಲಿ ನೋಡಿ ತೃಪ್ತಿಪಡುತ್ತಿದ್ದರು. ಅಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಒಂದು ಮಧ್ಯಾಹ್ನ ಹಾಲು ಉಕ್ಕಿ ಗ್ಯಾಸಿನ ಉರಿ ಆರಿತು, ಗ್ಯಾಸು ಮಾತ್ರ ಬರುತ್ತಲೇ ಇತ್ತು. ಅತ್ತೆಯವರು ಅಲ್ಲೇ ಪಕ್ಕದಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದರು. ಅಂಗನವಾಡಿಯಿಂದ ಮನೆಗೆ ಬಂದ ಸೊಸೆ ರೇಣುಕಾ ಹೊಸ್ತಿಲಲ್ಲೇ ವಾಸನೆ ಹಿಡಿದು, ಚಪ್ಪಲಿ ಸಮೇತ ಓಡಿ ಬಂದು ಕಿಟಕಿ ಬಾಗಿಲು ತೆರೆದಳು. ಮುಂದಿನ ತಿಂಗಳು ಇನ್ನೊಂದು ಸಲ ಹಾಗೇ ಆಯಿತು. ಆಗ ಅತ್ತೆಯವರ ಮಗ ಶರಣು ಒಂದು ತೀರ್ಮಾನಕ್ಕೆ ಬಂದ.

ಶರಣು ಕಪನೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುವವ. ಮಾತು ಕಡಿಮೆ, ಕೈಯಲ್ಲಿ ಅಳತೆ ಜಾಸ್ತಿ. ಅವನು ಸಿಲಿಂಡರಿನ ರೆಗ್ಯುಲೇಟರನ್ನು ಬಿಚ್ಚಿ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದ. ದಿನಾ ಕಮಲಾಪುರದಿಂದ ಕಪನೂರಿಗೆ, ಕಪನೂರಿನಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಆ ರೆಗ್ಯುಲೇಟರು ಪ್ರಯಾಣ ಮಾಡಿತು. ರೇಣುಕಾ ನಸುಕಿನಲ್ಲೇ ಎದ್ದು ಎಲ್ಲ ಅಡಿಗೆ ಮುಗಿಸಿ ಡಬ್ಬಿಗಳಲ್ಲಿ ಮುಚ್ಚಿಟ್ಟು ಹೋಗುವಳು. ಕಟ್ಟಿಗೆ ಒಲೆ ಹೂಡೋಣವೆಂದರೆ ಅತ್ತೆಯವರ ಕೆಮ್ಮಿಗೆ ಹೊಗೆ ಆಗದು. ನಲವತ್ತು ವರ್ಷ ದಿನಕ್ಕೆ ಎರಡು ಹೊತ್ತು ರೊಟ್ಟಿ ಬಡಿದ ಹೆಂಗಸು ಅಂಗಳದಲ್ಲಿ ಸುಮ್ಮನೆ ಕುಳಿತರು.

"ಅವ್ವ ಎರಡ ರೊಟ್ಟಿ ಉಣ್ಣಾಕಿ ಈಗ ಅರ್ಧಾ ಉಣ್ಣಾಕತ್ತಾಳ" ಎಂದು ಶರಣು ಫೋನಿನಲ್ಲಿ ಅಕ್ಕನಿಗೆ ಹೇಳಿದ. "ಕೇಳಿದ್ರ ಹಸಿವಿಲ್ಲಂತಾಳ. ನಾ ಏನ್ ಮಾಡ್ಲಿ? ಮನಿ ಸುಡೂದು ನೋಡ್ಕೋತ ಕುಂದರ್ಲೇನು?"

ಅವನದೂ ತಪ್ಪಿಲ್ಲ. ಆದರೆ ನೀಲಾ ಅಂದು ಊಟ ಮಾಡಲಿಲ್ಲ. ನಾನು ಎದೆ ತಟ್ಟಿಕೊಂಡು, "ಕರೆಂಟ್ ಒಲಿ ತರ್ತೇನಿ. ಉರಿನೂ ಇಲ್ಲ, ಗ್ಯಾಸೂ ಇಲ್ಲ. ನಾ ಕಲಸ್ತೇನಿ" ಎಂದೆ. ಹಾಗೆ ಹೇಳುವಾಗ ನನಗೆ ಅನ್ನ ಬಸಿಯುವುದಕ್ಕೂ ಬರುತ್ತಿರಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ನೆಹರು ಗಂಜ್‌ನಲ್ಲಿ ಜೋಳ ಕೊಳ್ಳಲು ಹೋದಾಗ ಅಲ್ಲೇ ಹತ್ತಿರದ ಅಂಗಡಿಯಲ್ಲಿ ಇಂಡಕ್ಷನ್ ಒಲೆ ನೋಡಿದೆ. ಅಂಗಡಿಯ ಚಾಚಾ ಬಹಳ ಉಮೇದಿನ ಮನುಷ್ಯ. ಒಲೆಯ ಗಾಜಿನ ಮೇಲೆ ಒಂದು ಪೇಪರು ಹಾಸಿ, ಅದರ ಮೇಲೆ ನೀರಿನ ಪಾತ್ರೆ ಇಟ್ಟು ಸ್ವಿಚ್ ಒತ್ತಿದರು. ನೀರು ಕೊತಕೊತ ಕುದಿಯಿತು, ಪೇಪರು ಹಾಗೇ ಇತ್ತು. "ದೇಖೋ ಸಾಬ್, ಕಾಗದಾ ಸುಡಾಂಗಿಲ್ಲ. ಗಾಜು ಥಂಡಾ! ಮಕ್ಕಳು ಕೈ ಇಟ್ರೂ ಫಿಕರ್ ನಹೀ" ಎಂದರು. ಪಾತ್ರೆಯ ತಳವೇ ಕಾಯುತ್ತದೆ, ಒಲೆ ಕಾಯುವುದಿಲ್ಲ ಎಂಬ ತತ್ತ್ವ ನನಗೂ ಗೊತ್ತಿದ್ದದ್ದೇ. ತಲೆಯಾಡಿಸಿ ಒಲೆ ಕಟ್ಟಿಸಿಕೊಂಡೆ. ಪಾತ್ರೆಯಲ್ಲಿದ್ದದ್ದು ನೀರು, ಅದು ಕುದಿಯುವ ಬಿಸಿಗಿಂತ ಮೇಲೇರದು, ರೊಟ್ಟಿಯ ಹಂಚಿನ ಕತೆಯೇ ಬೇರೆ ಎಂಬುದು ಮಾಸ್ತರನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ವೈರಿಂಗಿನ ವಿಷಯದಲ್ಲಿ ಮಾತ್ರ ನನ್ನ ಕೆಲಸಕ್ಕೆ ಯಾರೂ ತಪ್ಪು ಹುಡುಕುವಂತಿಲ್ಲ. ಅತ್ತೆಯವರ ಅಡಿಗೆಮನೆಯಲ್ಲಿ ಇದ್ದದ್ದು ಒಂದೇ ಸಣ್ಣ ಪ್ಲಗ್ಗು. ಅದಕ್ಕೊಂದು ಜೋತಾಡುವ ಎಕ್ಸ್‌ಟೆನ್ಷನ್ ಬೋರ್ಡು, ಅದರಲ್ಲಿ ಮಿಕ್ಸರು, ಮೊಬೈಲು. ಇಂಥದ್ದಕ್ಕೆ ಒಲೆ ಸಿಕ್ಕಿಸಿದರೆ ಮೊದಲು ಬೇಯುವುದು ವೈರು. ಮೀಟರಿನ ಹತ್ತಿರದಿಂದ ದಪ್ಪ ವೈರು ಎಳೆದೆ, ಹದಿನಾರು ಆಂಪಿಯರಿನ ಸಾಕೆಟ್ಟು ಕೂರಿಸಿದೆ, ಕರೆಂಟು ಮಿತಿಮೀರಿದರೆ ತಾನೇ ಆರುವ ಒಂದು ಎಂಸಿಬಿಯನ್ನು ಅದಕ್ಕೇ ಬೇರೆಯಾಗಿ ಹಾಕಿದೆ. ನೀರಿನ ಕೊಡ ಇಡುವ ಜಾಗದಿಂದ ದೂರ, ಕೈಗೆ ಎಟಕುವ ಎತ್ತರ. ಒಲೆಯ ಹಿಂದೆ ಗಾಳಿ ಆಡಲು ನಾಲ್ಕು ಬೆರಳು ಜಾಗ ಬಿಟ್ಟೆ. ಹಿತ್ತಲಲ್ಲಿ ಅರ್ಥಿಂಗಿಗೆಂದು ಗುಂಡಿ ತೋಡಿ ಇದ್ದಿಲು, ಉಪ್ಪು ಸುರಿಯುತ್ತಿರುವಾಗ ಬಾಗಿಲ ಮರೆಯಿಂದ ಮಾತು ಕೇಳಿತು.

"ನೀಲಾ, ಅಳ್ಯಾರು ಮಣ್ಣಿಗಿ ಉಪ್ಪಿನಕಾಯಿ ಹಾಕಾಕತ್ತಾರೇನ?"

ನಕ್ಕು ಸುಸ್ತಾದೆವು. ಆಮೇಲೆ ಪಾಠ ಶುರು. ನಾನು ಒಲೆಯ ಮುಂದೆ, ನೀಲಾ ನಡುವೆ, ಅತ್ತೆಯವರು ಬಾಗಿಲ ಆಚೆ. ಹಸಿ ಕೈಯಲ್ಲಿ ಸ್ವಿಚ್ ಮುಟ್ಟಬಾರದು. ಹೂನ್ರಿ. ಖಾಲಿ ಹಂಚನ್ನು ಒಮ್ಮೆಲೇ ಜೋರಿಗೆ ಇಡಬಾರದು, ನಡುವಿನ ಅಂಕಿಯಿಂದ ಕಾಯಿಸಬೇಕು. ಹೂನ್ರಿ. ಅಲ್ಯೂಮಿನಿಯಂ ನಡೆಯದು, ಕಬ್ಬಿಣ ಬೇಕು, ತಳ ಸಪಾಟಾಗಿರಬೇಕು. ಇದಕ್ಕೆ ಹೂನ್ರಿ ಬರುವುದು ಒಂದು ಗಳಿಗೆ ತಡವಾಯಿತು, ಆದರೂ ಬಂತು. ಅವರು ನಿಧಾನಕ್ಕೆ ಓದಬಲ್ಲರಾದ್ದರಿಂದ ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಕೊನೆಯ ಸಾಲು ಹೀಗಿತ್ತು: ಗಾಜು ಬಿಸಿಯಾಗುವುದಿಲ್ಲ, ಹೆದರಬೇಡಿ.

ಅವರ ಹಂಚು ಬಟ್ಟಲಿನಂತೆ ಬಾಗಿದ್ದದ್ದು. ಸಪಾಟಾದ ಹೊಸ ಹಂಚನ್ನು ಕಲಬುರಗಿಯಿಂದ ಕಳಿಸಬೇಕೆಂದು ನಾನೇ ಅಂದುಕೊಂಡಿದ್ದೆ, ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತೆ. ಎರಡು ವಾರ ಬಿಟ್ಟು ಫೋನು ಮಾಡಿದರೆ ರೇಣುಕಾ, "ಒಲಿ ಛಲೋ ನಡದದ್ರಿ, ಅತ್ತಿ ದಿನಾ ರೊಟ್ಟಿ ಮಾಡಾಕತ್ತಾರ" ಎಂದಳು. ಬಾಗಿದ ಹಂಚಿನಲ್ಲಿ ಅದು ಹೇಗೆ ಸಾಧ್ಯ ಎಂದು ನೋಡಲು ಹೋದೆ. ಅತ್ತೆಯವರು ಹಂಚನ್ನು ಕಮ್ಮಾರನಲ್ಲಿ ಒಯ್ದು ಬಡಿಸಿ ಸಪಾಟು ಮಾಡಿಸಿದ್ದರು. ಅದು ಅವರ ಅತ್ತೆಯಿಂದ ಬಂದ ಹಂಚು. ಅಷ್ಟು ವರ್ಷ ಕಟ್ಟಿದ್ದ ಕರಿ, ಸುತ್ತಿಗೆ ಬಿದ್ದಲ್ಲೆಲ್ಲ ಚೂರುಚೂರಾಗಿ ಎದ್ದು ಕೆಳಗಿನ ಬಿಳಿ ಕಬ್ಬಿಣ ಕಾಣುತ್ತಿತ್ತು.

"ಅಳ್ಯಾರು ಸಪಾಟ ಇರಬೇಕು ಅಂದಿದ್ರಲ್ಲ" ಎಂದರು, ನೀಲಾಳಿಗೆ.

ಹೊಸ ಹಂಚು ತರುತ್ತೇನೆಂದು ಹೇಳದೆ ಹೋದವನು ನಾನು. ಇದು ಆಗದು, ಬೇರೆ ಕೊಡಿಸಿ ಎಂದು ಅವರು ಹೇಳಬಹುದಿತ್ತು. ಅಳಿಯನ ಮಾತಿಗೆ ಎದುರು ಹೇಳುವುದಕ್ಕಿಂತ ಹಂಚು ಬಡಿಸುವುದು ಅವರಿಗೆ ಸುಲಭವಾಗಿತ್ತು. ಆ ದಿನವೇ ನನಗೆ ಎಚ್ಚರ ಆಗಬೇಕಿತ್ತು. ನಾನು ಮಾತ್ರ ರೊಟ್ಟಿ ಉಬ್ಬಿ ಬಂದದ್ದನ್ನು ನೋಡಿ, ನನ್ನ ಪಾಠ ಫಲ ಕೊಟ್ಟಿತೆಂದು ಬೀಗಿದೆ.

ಶರಣುವಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ. ಮುಂದಿನ ಭಾನುವಾರ ಅವನು ಅಡಿಗೆಮನೆಯ ಗೋಡೆಗೆ ಒರಗಿ ಕುಳಿತು ಒಲೆಯನ್ನು ಅಳೆಯುವವನಂತೆ ನೋಡುತ್ತಿದ್ದ. "ಮಾಮಾ, ಒಂದ ಮಾತ ಹೇಳ್ತೇನಿ. ಇದರಾಗ ಯಾರದರ ಕೈ ಒಮ್ಮಿ ಸುಟ್ರ ಇದೂ ಬಂದ್. ಅವ್ವ ಆಮ್ಯಾಲ ಅಡಗಿಮನಿ ಕಡಿ ಬರಾಂಗಿಲ್ಲ."

ಅತ್ತೆಯವರು ಒಲೆಯ ಮುಂದೆ ನಮ್ಮತ್ತ ಬೆನ್ನು ಮಾಡಿ ಕುಳಿತಿದ್ದರು. ಬಡಿಯುವ ಕೈ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಹದಿನೆಂಟು ರೊಟ್ಟಿ ಆದವು. ಸ್ವಿಚ್ ಆರಿಸಿದರು, ಹಂಚನ್ನು ಇಕ್ಕಳದಿಂದ ಎತ್ತಿ ಕೆಳಗಿಟ್ಟರು. ನನಗೆ ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ ಎನಿಸಿತು. "ಶರಣು, ಕೈ ಸುಡೂ ಮಾತೇ ಇಲ್ಲ. ಇದರ ಗಾಜು ಕಾಯಂಗಿಲ್ಲ, ನೋಡಿಲ್ಲಿ" ಎಂದು, ತರಗತಿಯಲ್ಲಿ ಮಾಡುವಂತೆ ಅಂಗಿಯ ತೋಳು ಮಡಚಿ, ಅಂಗೈಯನ್ನು ಅಗಲಿಸಿ ಗಾಜಿನ ಮೇಲೆ ಇಡಲು ಹೋದೆ.

"ತಡೀರೀ! ಸುಡ್ತದ!"

ನನ್ನ ಮಣಿಕಟ್ಟು ಯಾರದೋ ಬಿಗಿ ಹಿಡಿತದಲ್ಲಿತ್ತು. ತಿರುಗಿ ನೋಡಿದರೆ ಅತ್ತೆಯವರು. ಸೆರಗು ಹೆಗಲಿಗೆ ಜಾರಿತ್ತು. ಕಂಬವಿಲ್ಲ, ಬಾಗಿಲಿಲ್ಲ, ನೀಲಾ ನಡುವೆ ಇಲ್ಲ. ಹದಿನಾಲ್ಕು ವರ್ಷದ ಮೇಲೆ ಅವರು ನನ್ನ ಮುಖ ನೋಡಿ ಮಾತಾಡಿದ್ದರು. ನನ್ನ ಅಂಗೈಗೂ ಗಾಜಿಗೂ ನಡುವೆ ಒಂದು ರೊಟ್ಟಿಯ ದಪ್ಪದಷ್ಟು ಜಾಗ ಉಳಿದಿತ್ತು, ಕೆಳಗಿನಿಂದ ಝಳ ಹೊಡೆಯುತ್ತಿತ್ತು.

ಅಷ್ಟರಲ್ಲಿ ಶರಣು ಎದ್ದು ಬಂದು ತಾಯಿಯ ಕೈಯನ್ನು ನನ್ನ ಮಣಿಕಟ್ಟಿನಿಂದ ಬಿಡಿಸಿ ಬೆಳಕಿಗೆ ಹಿಡಿದ. ಎರಡು ಬೆರಳ ತುದಿಯಲ್ಲಿ ಬೊಬ್ಬೆ ಒಡೆದು ಒಣಗಿದ ಗುರುತು.

"ಯಾವಾಗ ಸುಟ್ಕೊಂಡಿ?"

ಅತ್ತೆಯವರು ಒಲೆ ಒರೆಸುವ ಬಟ್ಟೆಯ ಕಡೆ ನೋಡಿದರು. ನನಗೆ ತಿಳಿಯಿತು. ಅವರ ಮನೆಯಲ್ಲಿ ಒಂದು ಪದ್ಧತಿ. ಕೊನೆಯ ರೊಟ್ಟಿ ಇಳಿದ ಕೂಡಲೇ ಒಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಹಚ್ಚಿ, ಆಮೇಲೆ ಮಂದಿಗೆ ಊಟಕ್ಕೆ ನೀಡುವುದು. ಒಲೆ ಹಸನಾಗದೆ ಅನ್ನ ಬಡಿಸುವಂತಿಲ್ಲ. ಮಣ್ಣಿನ ಒಲೆಯ ಕಟ್ಟೆಗೆ, ಗ್ಯಾಸ್ ಒಲೆಯ ಕೆಳಗಿನ ಕಲ್ಲಿಗೆ ಅದು ನಡೆದಿತ್ತು. ಹದಿನೆಂಟು ರೊಟ್ಟಿಯ ಹಂಚನ್ನು ಹೊತ್ತ ಗಾಜಿನ ಮೇಲೆ ನಡೆಯಲಿಲ್ಲ. ಗೋಡೆಯ ಮೇಲೆ ಅಳಿಯನ ಅಕ್ಷರ "ಹೆದರಬೇಡಿ" ಎನ್ನುತ್ತಿತ್ತು, ಅವರು ಹೆದರದೆ ಒರೆಸಿದ್ದರು. ಸುಟ್ಟ ಮೇಲೂ ಹೇಳಲಿಲ್ಲ. ಮಗನಿಗೆ ಹೇಳಿದರೆ ಒಲೆ ಹೋಗುತ್ತದೆ. ನನಗೆ ಹೇಳುವುದೆಂದರೆ ಅಳಿಯ ಬರೆದದ್ದು ಸುಳ್ಳು ಎಂದಂತೆ. ಬೆರಳು ಸೆರಗಿನಲ್ಲಿ ಸುತ್ತಿಕೊಂಡು ಸುಮ್ಮನಿದ್ದರು. ನನ್ನ ಕೈ ಸುಡುವಾಗ ಮಾತ್ರ ಅವರಿಗೆ ಸುಮ್ಮನಿರಲು ಆಗಲಿಲ್ಲ.

ಶರಣು ಪ್ಲಗ್ಗಿನ ಕಡೆ ಕೈ ಹಾಕಿದ. "ಸಾಕವ್ವ. ನಾ ಮೊದಲ ಹೇಳಿದ್ನಿ."

"ಮುಟ್ಟಬ್ಯಾಡ" ಎಂದರು ಅತ್ತೆಯವರು. ದನಿ ಏರಿರಲಿಲ್ಲ. "ಒಲಿದು ಏನೂ ತಪ್ಪಿಲ್ಲ." ನನ್ನ ಕಡೆ ತಿರುಗಿದರು. ಸೆರಗು ಸರಿಮಾಡಿಕೊಂಡರು, ಆದರೆ ಬಾಗಿಲ ಕಡೆ ಹೋಗಲಿಲ್ಲ. "ಅಳ್ಯಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ನೀವು ಬರದಿದ್ದು ತಪ್ಪದ್ರಿ. ಕಾದ ಹಂಚು ಕಟ್ಟಿಗಿ ಮಣಿ ಮ್ಯಾಗ ಇಟ್ರ ಮಣಿ ಕಾಯ್ತದ. ಗಾಜಿನ ಮ್ಯಾಗ ತಾಸಗಟ್ಲೆ ಇಟ್ರ ಗಾಜು ಹೆಂಗ ಕಾಯಂಗಿಲ್ಲರೀ?"

ಇದಕ್ಕಿಂತ ಸರಿಯಾಗಿ ಈ ವಿಷಯವನ್ನು ನಾನು ಇಂದಿಗೂ ತರಗತಿಯಲ್ಲಿ ಹೇಳಲಾರೆ. ನಾಚಿಕೆಯಾಯಿತು. ಮತ್ತೆ, ಹೇಳಲೇಬೇಕು, ಒಂದು ಥರದ ಸಂತೋಷವೂ ಆಯಿತು. "ನನ್ನ ತಪ್ಪರೀ. ಪೂರಾ ನನ್ನ ತಪ್ಪು" ಎಂದೆ.

"ಹೌದ್ರಿ" ಎಂದರು.

ಆಮೇಲೆ ಮಗನಿಗೆ ಹೇಳಿದರು. "ನನ್ನ ಮೂಗು ಹೋಗ್ಯದ, ತಲಿ ಹೋಗಿಲ್ಲ. ಒಮ್ಮಿ ಸುಟ್ಟದ್ದು ನನಗ ಇನ್ನೊಮ್ಮಿ ಸುಡಂಗಿಲ್ಲ. ಇನ್ನ ಮ್ಯಾಲ ಎಲ್ಲಾರೂ ಉಂಡ ಮ್ಯಾಲ ಒಲಿ ಒರಸ್ತೇನಿ. ಅಷ್ಟೊತ್ತಿಗಿ ಅದೂ ಆರಿರ್ತದ. ನಲವತ್ತ ವರ್ಷದ ಪದ್ಧತಿ ಬಿಡ್ತೇನಿ. ಒಲಿ ಮಾತ್ರ ಬಿಡಾಂಗಿಲ್ಲ."

ಶರಣು ತಾಯಿಯನ್ನು ನೋಡಿದ, ಪ್ಲಗ್ಗನ್ನು ನೋಡಿದ. ಕೈ ಹಿಂದಕ್ಕೆ ತೆಗೆದ. ಆಮೇಲೆ ತನ್ನ ತಟ್ಟೆ ತಾನೇ ತಂದು, ಇನ್ನೂ ಹಿಟ್ಟು ಚೆಲ್ಲಿದ್ದ ಒಲೆಯ ಮುಂದೆಯೇ ಕುಳಿತು "ಹಾಕು" ಎಂದ. ಆ ಮನೆಯಲ್ಲಿ ಒರೆಸದ ಒಲೆಯ ಮುಂದೆ ಯಾರಾದರೂ ಉಂಡದ್ದು ಅದೇ ಮೊದಲು. ಅತ್ತೆಯವರು ಬಡಿಸಿದರು. ತಾವೂ ಎರಡು ರೊಟ್ಟಿ ಉಂಡರು. ನಾನು ಗೋಡೆಯ ಕಾಗದವನ್ನು ಕಿತ್ತು ಹೊಸದು ಬರೆದೆ, ಅವರು ಹೇಳುತ್ತಾ ಹೋದರು. ಒಲೆಯೊಳಗಿನ ಫ್ಯಾನಿನ ಸದ್ದು ನಿಲ್ಲುವವರೆಗೆ ಗೋಡೆಯ ಸ್ವಿಚ್ ಆರಿಸಬಾರದು ಎಂಬ ಒಂದು ಸಾಲು ಮಾತ್ರ ನನ್ನದು. ಅದಕ್ಕೂ ಅವರು "ಯಾಕ್ರಿ?" ಎಂದು ಕೇಳಿ, ಒಳಗಿನ ಬಿಸಿಯನ್ನು ಹೊರಗೆ ಹಾಕುವುದು ಆ ಫ್ಯಾನೇ ಎಂದು ನಾನು ವಿವರಿಸಿದ ಮೇಲೆಯೇ ಒಪ್ಪಿದರು. ಮುಂದಿನ ವಾರ ಹೊಸ ಹಂಚನ್ನೂ ತಲುಪಿಸಿದೆ.

ಈಗ ಒಳಗಿನ ಸದ್ದು ನಿಂತಿದೆ. "ಅಳ್ಯಾರ, ಬರ್ರಿ. ಬಿಸಿ ಅದ" ಎಂದು ಕೂಗಿದರು. ಹೋದೆ. ಎರಡು ತಟ್ಟೆ ಎದುರುಬದುರು ಇಟ್ಟಿದ್ದರು. ನನಗೆ ಬಡಿಸಿ ತಾವೂ ಕುಳಿತರು. ಪುಂಡಿಪಲ್ಯ, ಶೇಂಗಾ ಹಿಂಡಿ, ರೊಟ್ಟಿ. ಆಮೇಲೆ ಅವರು ರೊಟ್ಟಿಯ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟು, ನನ್ನ ಮುಖ ನೋಡಿದರು.

"ನಿಮಗ ವಾಸನಿ ಬರ್ತದಲ್ರಿ. ಹೆಂಗದ ಹೇಳ್ರಿ."

"ಛಲೋ ಅದರೀ."

"ಛಲೋ ಅಂದ್ರ ನನಗೇನ್ ತಿಳೀತದ್ರಿ? ಸರಿಯಾಗಿ ಹೇಳ್ರಿ."

ದಿನವಿಡೀ ಮಾತಾಡಿ ಸಂಬಳ ತೆಗೆದುಕೊಳ್ಳುವ ನನಗೆ ಒಂದು ರೊಟ್ಟಿಯ ವಾಸನೆ ಹೇಳಲು ತಡವರಿಸುವಂತಾಯಿತು. ತುಂಡನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ನಿಧಾನಕ್ಕೆ ಹೇಳಿದೆ. "ಮೊದಲ ಹೊಸಾ ಜೋಳದ ವಾಸನಿ ಬರ್ತದ್ರಿ, ಸಿಹಿ ಸಿಹಿ. ಅದರ ಹಿಂದ ಕಬ್ಬಿಣದ್ದು ಚೂರು. ಅಂಚಿನ ಕಡಿ..." ನಿಲ್ಲಿಸಿದೆ.

"ಅಂಚಿನ ಕಡಿ ಏನ್ರಿ?"

"ಚೂರು ಹೊತ್ತೇದ್ರಿ."

ಅವರ ಕೈ ತಟ್ಟೆಯಲ್ಲೇ ನಿಂತಿತು. "ಇವತ್ತ ಒಂದಿನಾ ಅಷ್ಟೇನ್ರಿ?"

ನಮ್ಮ ಮನೆಗೂ ಆಮೇಲೆ ತಂದ ಕರೆಂಟ್ ಒಲೆ ಅವರ ಮನೆಯ ಒಲೆಗಿಂತ ಜೋರು. ಕಣ್ಣಿಗೆ ಪೊರೆ ಬಂದಿದೆ, ಅಂಚಿನ ಕರಿ ಅವರಿಗೆ ಕಾಣುವುದಿಲ್ಲ. ನಾನೂ ನೀಲಾಳೂ ಅದನ್ನು ಕಂಡೂ, ಅವರು ನೊಂದುಕೊಂಡಾರೆಂದು, ಸುಮ್ಮನೆ ಉಣ್ಣುತ್ತಿದ್ದೆವು. "ಮೂರ ದಿನದಿಂದರೀ" ಎಂದೆ.

"ಮೂರ ದಿನಾ!" ಸಿಟ್ಟು ನಿಜವಾದದ್ದೇ. "ಮತ್ತ ಹೇಳಾಕ ಏನಾಗಿತ್ರಿ ನಿಮಗ? ಬಾಯಿಲ್ಲೇನು?"

ಎದ್ದರು. ಒಲೆಯ ಅಂಕಿಯನ್ನು ಬೆರಳಿನಿಂದ ತಡವಿ ಎರಡು ಸಲ ಇಳಿಸಿದರು, ಹಂಚು ಇಟ್ಟರು, ಉಳಿದ ಹಿಟ್ಟಿನಲ್ಲಿ ಒಂದು ರೊಟ್ಟಿ ಬಡಿದು ಹಾಕಿದರು. ಹದಿನಾಲ್ಕು ವರ್ಷ ನನಗೆ "ಹೂನ್ರಿ" ಅಂದದ್ದಕ್ಕಿಂತ ಈ ಒಂದು ಬೈಗುಳ ನನಗೆ ಹೆಚ್ಚು ಮರ್ಯಾದೆಯದೆಂದು ಅನಿಸಿತು. ನಾನು ತಟ್ಟೆ ಬಿಟ್ಟು ಎದ್ದು ಅವರ ಪಕ್ಕದಲ್ಲಿ ನಿಂತೆ.

ಒಲೆಯಿಂದ ಕಣ್ಣು ತೆಗೆಯದೆ ಕೇಳಿದರು. "ಈಗ?"

"ತಡೀರಿ, ಇನ್ನ ಚೂರು" ಎಂದೆ. ತಡೆದರು. ಹಂಚಿನ ಮೇಲಿಂದ ಹದವಾದ ಜೋಳದ ವಾಸನೆ ಎದ್ದು ಬಂತು.

"ಈಗ ತಿರುವ್ರಿ."

ತಿರುವಿ ಹಾಕಿದರು.